ಒಂದು ಕುರು, ಒಂದು ನೀಲಿ ಪಟ್ಟಿ

ಒಂದು ಕುರುವಿನಿಂದಾಗಿ ಇಡೀ ನೀರು ಸರಬರಾಜು ಕಚೇರಿ ಎರಡು ಪಾಲಾಯಿತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಅದರಿಂದ ಕಚೇರಿಗೇನೂ ನಷ್ಟವಿಲ್ಲ, ಕುರುವಿಗಂತೂ ಮೊದಲೇ ಇಲ್ಲ. ಆದರೆ ಆ ಕುರು ಎದ್ದದ್ದು ದೂರು ವಿಭಾಗದ ಗುಮಾಸ್ತ ಹೂಂಗುಟ್ಟಪ್ಪನ ಎಡ ಎದೆಯ ಮೇಲೆ, ಅದೂ ನೆನಪಿನ ವಾರ ಶುರುವಾಗುವ ಹಿಂದಿನ ದಿನ. ಅದೇ ಕುರು ಬೆನ್ನ ಮೇಲೆ ಎದ್ದಿದ್ದರೆ ಅವನು ನಾಲ್ಕು ದಿನ ಕುರ್ಚಿಗೆ ಒರಗದೆ ಕೂತಿರುತ್ತಿದ್ದ, "ಈಚೆಗೆ ಬಹಳ ಶ್ರದ್ಧೆಯಿಂದ ಕೆಲಸ ಮಾಡ್ತಿದ್ದಾನೆ" ಎಂಬ ಹೆಸರೂ ಬರುತ್ತಿತ್ತು.

ಹೂಂಗುಟ್ಟಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಚೇರಿ ಇಟ್ಟದ್ದು. ನಲ್ಲಿಯಲ್ಲಿ ಒಂದು ಹನಿ ನೀರಿಲ್ಲ ಎಂದು ಬಂದವರಿಗೂ ಅವನು "ಹೂಂ" ಅನ್ನುತ್ತಿದ್ದ, ಪೈಪು ಒಡೆದು ಮನೆಯೆಲ್ಲ ಕೆರೆಯಾಗಿದೆ ಎಂದು ಬಂದವರಿಗೂ "ಹೂಂ" ಅನ್ನುತ್ತಿದ್ದ. ಬಂದವರು ಅರ್ಧ ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು. ಇನ್ನರ್ಧ ಸಮಾಧಾನಕ್ಕೆ ಮರುದಿನ ಮತ್ತೆ ಬರುತ್ತಿದ್ದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾರಿಗೂ "ಇಲ್ಲ" ಎಂದವನಲ್ಲ, ಹಾಗೆಂದು ಯಾರಿಗೂ ಏನನ್ನೂ ಮಾಡಿಕೊಟ್ಟವನೂ ಅಲ್ಲ. ಇಂಥವನು ಸಮಿತಿಗೆ ಹೇಳಿಮಾಡಿಸಿದ ಮನುಷ್ಯ ಎಂದು ಅವನನ್ನು ನೆನಪಿನ ಸಮಿತಿಗೆ ಸೇರಿಸಿಕೊಂಡಿದ್ದರು.

ಈ ನೆನಪಿನ ವಾರದ ಸಂಗತಿಯನ್ನೂ ಹೇಳಿಬಿಡಬೇಕು. ಹಿಂದೊಮ್ಮೆ ಹಳೆಯ ನೀರಿನ ಟ್ಯಾಂಕು, ಒಳಗೆ ಏಳು ಜನ ಕೂಲಿಗಳು ಇಳಿದು ಪಾಚಿ ಕೆರೆಯುತ್ತಿದ್ದಾಗಲೇ ಕುಸಿದು ಬಿತ್ತು. ಏಳೂ ಜನ ಹೋದರು. ಅದರ ಮರುವರ್ಷ ಅದೇ ದಿನ ಅವರ ಜೊತೆಗಾರರು ಒಂದು ಹಳೆಯ ನೀಲಿ ಸಮವಸ್ತ್ರವನ್ನು ಹರಿದು, ಒಂದೊಂದು ಚೂರನ್ನು ತೋಳಿಗೆ ಕಟ್ಟಿಕೊಂಡು, ಆ ದಿನವೆಲ್ಲ ಮಾತಾಡದೆ ಕೆಲಸ ಮಾಡಿದರು. ಅವರಿಗೆ ಯಾರೂ ಹಾಗೆ ಮಾಡಿ ಎಂದು ಹೇಳಿರಲಿಲ್ಲ. ಅದೇ ತಪ್ಪಾಯಿತು. ಯಾರೂ ಹೇಳದೆ ನಡೆಯುವ ಕೆಲಸವನ್ನು ಕಂಡರೆ ಕಚೇರಿಗೆ ಸಹಿಸಲಾಗುವುದಿಲ್ಲ, ಕೂಡಲೇ ಅದನ್ನು ಕೈಗೆತ್ತಿಕೊಂಡಿತು. ಒಂದು ದಿನ ಇದ್ದದ್ದು ವಾರವಾಯಿತು. ತೋಳಿನ ಮೇಲಿದ್ದದ್ದು ಎದೆಗೆ ಬಂತು. ಹರಕು ಬಟ್ಟೆ ಹೋಗಿ ಸ್ಯಾಟಿನ್ ಬಂತು. ಆಮೇಲೆ ಅಧಿಕಾರಿಗಳ ಪಟ್ಟಿಗೆ ಬೆಳ್ಳಿ ಅಂಚು, ದೊಡ್ಡ ಸಾಹೇಬರ ಪಟ್ಟಿಗೆ ಚಿನ್ನದ ಅಂಚು ಬಂತು. ದುಃಖದಲ್ಲೂ ಮೇಲು ಕೆಳಗು ಗೊತ್ತಾಗಬೇಡವೇ? ಸುತ್ತೋಲೆಯೊಂದು ಹೊರಟಿತು: "ಎಲ್ಲ ನೌಕರರೂ ಸ್ವಇಚ್ಛೆಯಿಂದ, ತಪ್ಪದೆ, ಎಡ ಎದೆಯ ಮೇಲೆ, ಜೇಬಿನಿಂದ ಎರಡು ಬೆರಳು ಎತ್ತರದಲ್ಲಿ ನೀಲಿ ಪಟ್ಟಿಯನ್ನು ಧರಿಸತಕ್ಕದ್ದು." ಸತ್ತವರ ಹೆಸರು ಹೇಳಿ ಎಂದರೆ ಸಮಿತಿಯ ಕಾರ್ಯದರ್ಶಿಯಾದ ಹೆಡ್ ಗುಮಾಸ್ತರು ಮೂರು ಹೆಸರನ್ನು ಗಟ್ಟಿಯಾಗಿ ಹೇಳಿ, ಕೆಮ್ಮಿ, "ಮತ್ತಿತರರು" ಎಂದು ಮುಗಿಸುತ್ತಿದ್ದರು.

ಆ ಮತ್ತಿತರರಲ್ಲಿ ಒಬ್ಬನ ಹೆಂಡತಿ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದಳು. ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು. ಗಂಡ ಸತ್ತಾಗ ಪಂಪ್‌ಹೌಸಿನ ಹಿಂದಿನ ಒಂಟಿ ಕೋಣೆಯನ್ನು "ಸದ್ಯಕ್ಕೆ ಇಲ್ಲಿರು" ಎಂದು ಬಾಯಿಮಾತಿನಲ್ಲಿ ಕೊಟ್ಟಿದ್ದರು. ಆ ಸದ್ಯ ಇಷ್ಟು ವರ್ಷ ನಡೆದುಕೊಂಡು ಬಂದಿತ್ತು. ಸೋಮವಾರ ಬೆಳಿಗ್ಗೆ ಹೂಂಗುಟ್ಟಪ್ಪ ಅಂಗಿ ಎದೆಗೆ ತಾಗದಂತೆ ಮುಂದಕ್ಕೆ ಬಾಗಿ ನಡೆಯುತ್ತ ವರಾಂಡ ಹತ್ತುವಾಗ ಅವಳು ಅಡ್ಡ ಬಂದಳು.

"ಸಾರ್, ಶನಿವಾರದ ಮೀಟಿಂಗಲ್ಲಿ ನನ್ನ ರೂಮು ತಗೋತಾರಂತೆ. ಸತ್ತವರ ಫೋಟೋ ಇಡಕ್ಕೆ. ನೆನಪಿನ ಕೊಠಡಿ ಮಾಡ್ತಾರಂತೆ."

"ಹೂಂ."

"ಹೂಂ ಅಲ್ಲ ಸಾರ್. ಅದು ಬಿಟ್ಟರೆ ನನಗೆ ಬೇರೆ ದಿಕ್ಕಿಲ್ಲ. ನೀವು ಕಮಿಟೀಲಿ ಇದ್ದೀರಲ್ಲ, 'ಬೇಡ' ಅಂತ ಒಂದು ಮಾತು ಹೇಳಿ. ಯಾರಾದರೂ ಒಬ್ಬರು ಬೇಡ ಅಂದರೆ ದೊಡ್ಡ ಸಾಹೇಬರು ಯೋಚನೆ ಮಾಡ್ತಾರೆ. ಅವರೇನು ಕೆಟ್ಟವರಲ್ಲ."

"ಹೇಳ್ತೀನಿ ಅಕ್ಕ, ಖಂಡಿತ ಹೇಳ್ತೀನಿ."

"ಆಣೆಗೂ?"

"ಆಣೆಗೂ ಅಕ್ಕ. ನಾನಿಲ್ವಾ?" ಎಂದ ಹೂಂಗುಟ್ಟಪ್ಪ. ಪಾಪ, ಅವಳು ನಂಬಿದಳು. ಆ ಕಟ್ಟಡದಲ್ಲಿ ನಂಬಲು ಅವಳಿಗೆ ಬೇರೆ ಯಾರಿದ್ದರು?

ಹತ್ತು ಗಂಟೆಗೆ ಹೆಡ್ ಗುಮಾಸ್ತರು ಪಟ್ಟಿಗಳ ತಟ್ಟೆ ಹಿಡಿದು ಬಂದರು. ನೆನಪಿನ ವಾರದಲ್ಲಿ ಅವರು ದನಿ ಏರಿಸುತ್ತಿರಲಿಲ್ಲ. ಏಳು ದಿನವೂ ಪಿಸುಮಾತು. ಬೈಯುವುದಿದ್ದರೂ ಕಿವಿಯ ಹತ್ತಿರ ಬಾಯಿ ತಂದು, "ಕತ್ತೆ, ಆ ಫೈಲು ಎಲ್ಲಿ?" ಎಂದು ದುಃಖದಿಂದ ಬೈಯುತ್ತಿದ್ದರು. ಒಬ್ಬೊಬ್ಬರ ಎದೆಗೂ ತಾವೇ ಪಿನ್ನು ಚುಚ್ಚಿ, ಒಂದು ಹೆಜ್ಜೆ ಹಿಂದೆ ಸರಿದು, ಎರಡು ಬೆರಳಿಟ್ಟು ಎತ್ತರ ಅಳೆದು, ಮುಂದಿನ ಮೇಜಿಗೆ ಹೋಗುತ್ತಿದ್ದರು. ಹೂಂಗುಟ್ಟಪ್ಪನ ಎದೆಯ ಕಡೆಗೆ ಪಿನ್ನು ಬಂದದ್ದೇ ತಡ, ಅವನು ಕುರ್ಚಿಸಮೇತ ಗೋಡೆಗೆ ಹಾರಿದ.

"ಬೇಡ! ಬೇಡ ಸಾರ್!"

ಟೈಪಿಂಗ್ ನಿಂತಿತು. ಹೂಂಗುಟ್ಟಪ್ಪನ ಬಾಯಲ್ಲಿ "ಬೇಡ" ಎಂಬ ಶಬ್ದ! ಪಕ್ಕದ ವಿಭಾಗದವರು ಬಾಗಿಲಿಗೆ ಬಂದರು.

"ಯಾಕೆ ಬೇಡ?" ಎಂದು ಹೆಡ್ ಗುಮಾಸ್ತರು ಪಿಸುಗುಟ್ಟಿದರು.

ಈಗ ಆ ಮನುಷ್ಯ "ಕುರು ಆಗಿದೆ ಸಾರ್" ಎನ್ನಬಹುದಿತ್ತು. ಮೂರೇ ಪದ, ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಎದುರಿಗೆ ಇಬ್ಬರು ಹೊಸ ಟೈಪಿಸ್ಟು ಹುಡುಗಿಯರು ಕೂತಿದ್ದರು. ಅವರ ಮುಂದೆ ಕುರು, ಕೀವು, ಮುಲಾಮು ಎಂದೆಲ್ಲ ಹೇಳುವುದು ಹೇಗೆ? ಕೂದಲಿಗೆ ಹೊಸದಾಗಿ ಬಣ್ಣ ಹಚ್ಚಿದ್ದ ಗಂಡಸು ಅವನು. ಕಣ್ಣು ಮುಚ್ಚಿ, ಗಂಟಲು ಸರಿಮಾಡಿ, ಎಲ್ಲಿಂದಲೋ ಒಂದು ಮಾತನ್ನು ಎಳೆದು ತಂದ.

"ನೆನಪು ಎದೆಯ ಒಳಗೆ ಇರಬೇಕು ಸಾರ್, ಎದೆಯ ಮೇಲಲ್ಲ."

ಸೂಜಿ ಬಿದ್ದರೂ ಕೇಳಿಸುವಂಥ ನಿಶ್ಶಬ್ದ. ಬಿದ್ದದ್ದು ಸೂಜಿಯಲ್ಲ, ಹೆಡ್ ಗುಮಾಸ್ತರ ತಟ್ಟೆ. ಟೈಪಿಸ್ಟುಗಳಲ್ಲಿ ಒಬ್ಬಳು "ಅಬ್ಬಾ!" ಎಂದಳು. ಅಷ್ಟು ಸಾಕಾಯಿತು. ಇಷ್ಟು ವರ್ಷದಲ್ಲಿ ಹೂಂಗುಟ್ಟಪ್ಪನ ಯಾವ ಮಾತಿಗೂ ಯಾವ ಹೆಂಗಸೂ ಅಬ್ಬಾ ಎಂದಿರಲಿಲ್ಲ. ಅವನ ಹೆಂಡತಿ ಅನ್ನುತ್ತಿದ್ದಳು, ಆದರೆ ಅದು ಬೇರೆ ಅಬ್ಬಾ. ಅವನು ಆ ಮಾತನ್ನು ಇನ್ನೊಮ್ಮೆ ಹೇಳಿದ, ಈ ಸಲ ಕೈ ಎತ್ತಿ.

ಮಧ್ಯಾಹ್ನದೊಳಗೆ ಕಚೇರಿ ಹೊತ್ತಿಕೊಂಡಿತು. ಕ್ಯಾಂಟೀನಿನಲ್ಲಿ ಅವನ ಮೇಜಿನಿಂದ ಮೂವರು ಎದ್ದು ಹೋದರು, ಐವರು ಬಂದು ಕೂತರು. ಕ್ಯಾಷಿಯರ್, "ಸತ್ತವರ ಮೇಲೆ ಅವನಿಗೇನು ಹಗೆ?" ಎಂದ. ಡ್ರಾಫ್ಟ್ಸ್‌ಮನ್, "ಗಂಡಸು ಅಂದರೆ ಹಾಗಿರಬೇಕು" ಎಂದ, ಎಂದು ತನ್ನ ಪಟ್ಟಿಯನ್ನು ಇನ್ನೂ ಭದ್ರವಾಗಿ ಚುಚ್ಚಿಕೊಂಡ. ಮೀಟರ್ ವಿಭಾಗದ ಮುದುಕರೊಬ್ಬರು, ಟ್ಯಾಂಕು ಬಿದ್ದಾಗ ತಾನು ಎಲ್ಲಿ ನಿಂತಿದ್ದೆ ಎಂದು ಹೇಳಲು ಶುರುಮಾಡಿದರು. ಅದನ್ನು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ, ಎಲ್ಲರೂ ನೆನಪಿನ ಬಗ್ಗೆ ಜಗಳವಾಡುತ್ತಿದ್ದರು.

ಸಂಜೆ ಹೂಂಗುಟ್ಟಪ್ಪ ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ವರ್ಣಿಸಿದ. ಅವಳು ಬಟ್ಟೆ ಮಡಿಸುತ್ತಿದ್ದಳು.

"ಕುರು ಆಗಿದೆ ಅಂತ ಹೇಳಕ್ಕೆ ಏನು ಧಾಡಿ ನಿಮಗೆ?"

"ನಿನಗೆ ಅರ್ಥ ಆಗಲ್ಲ. ಇದು ಕುರುವಿನ ಪ್ರಶ್ನೆ ಅಲ್ಲ."

"ಮತ್ತೆ?"

"ಸಿದ್ಧಾಂತದ್ದು."

"ಬೆಳಿಗ್ಗೆ ಎದ್ದು 'ಅಯ್ಯೋ ಅಮ್ಮಾ, ಮುಲಾಮು ಎಲ್ಲೇ' ಅಂತ ಕೂಗಿದ್ದು ಸಿದ್ಧಾಂತವಾ? ಅಂಗಿ ಬಿಚ್ಚಿ, ನೋಡ್ತೀನಿ. ಥೂ, ಇನ್ನೂ ದಪ್ಪ ಆಗಿದೆ ನಿಮ್ಮ ಸಿದ್ಧಾಂತ."

ಅಷ್ಟರಲ್ಲಿ ಅವಳ ತಮ್ಮ ಬಾಗಿಲು ತಳ್ಳಿಕೊಂಡು ಬಂದ. ಈ ಭಾವಮೈದನಿಗೆ ಬಟ್ಟೆ ಅಂಗಡಿ. ಕಚೇರಿಗೆ ಸ್ಯಾಟಿನ್ ಪಟ್ಟಿ ಒದಗಿಸುತ್ತಿದ್ದವನು ಅವನೇ. ಸತ್ತ ಏಳು ಜನರಿಗಾಗಿ ಅವನಷ್ಟು ಮನಸಾರೆ ಮರುಗಿದವರು ಇನ್ನೊಬ್ಬರಿಲ್ಲ.

"ಭಾವ, ಏನು ಅನ್ಯಾಯ ಇದು? ನಿಮ್ಮ ಮಾತು ಕೇಳಿ ನಾಳೆ ನಾಲ್ಕು ಜನ ಪಟ್ಟಿ ಬೇಡ ಅಂದರೆ? ಆತ್ಮಗಳು ಏನಂದ್ಕೋತವೆ?"

"ಹೂಂ," ಎಂದ ಹೂಂಗುಟ್ಟಪ್ಪ, ಅಭ್ಯಾಸಬಲದಿಂದ.

"ಹಾಗಾದರೆ ನಾಳೆ ಹಾಕ್ಕೋತೀರಿ ತಾನೆ?"

"ಹೂಂ."

ಭಾವಮೈದ ನೆಮ್ಮದಿಯಿಂದ ಎದ್ದುಹೋದ. ಅವನ ಚಪ್ಪಲಿ ಸದ್ದು ಮೆಟ್ಟಿಲಲ್ಲಿ ಇನ್ನೂ ಕೇಳುತ್ತಿರುವಾಗಲೇ ಎದುರುಮನೆಯ ನಿವೃತ್ತ ಮೇಷ್ಟ್ರು ನಾಲ್ಕು ಜನರೊಂದಿಗೆ ಬಂದರು. ಆ ನಾಲ್ಕು ಜನ ಮತ್ತು ಮೇಷ್ಟ್ರು ಸೇರಿ ಸ್ವತಂತ್ರ ಮನಸ್ಸಿನವರ ಸಂಘ. ಹಲವು ವರ್ಷಗಳಿಂದ ಅವರು ಯಾರಾದರೂ ಒಬ್ಬ ಸ್ವತಂತ್ರನು ಅನ್ಯಾಯಕ್ಕೆ ಸಿಕ್ಕಬೇಕೆಂದು ಕಾದು ಕುಳಿತಿದ್ದರು.

"ಭೇಷ್!" ಎಂದು ಮೇಷ್ಟ್ರು ಅವನ ಭುಜ ತಟ್ಟಿದರು. ಕುರು ಅದನ್ನು ಕೇಳಿಸಿಕೊಂಡಿತು. "ನೆನಪು ಖಾಸಗಿ ವಿಷಯ. ಹಾಕ್ಕೊಳ್ಳೋದು ಬಿಡೋದು ಮನುಷ್ಯನ ಇಷ್ಟ. ಇಷ್ಟು ದಿನ ಇದನ್ನ ಹೇಳೋ ಒಂದು ಗಂಡು ಪ್ರಾಣಿ ಇರಲಿಲ್ಲ ನೋಡಿ ಈ ಊರಲ್ಲಿ."

"ಹೂಂ."

"ನಾವು ಐದೂ ಜನ ನಿಮ್ಮ ಹಿಂದಿದ್ದೀವಿ. ನಾಳೆಯಿಂದ ನಾವೆಲ್ಲ ಇದನ್ನ ಧರಿಸ್ತೀವಿ." ಎಂದು ಜೇಬಿನಿಂದ ಒಂದು ಖಾಲಿ ಪಿನ್ನು ತೆಗೆದರು. "ಪಟ್ಟಿ ಇಲ್ಲದ ಪಿನ್ನು. ಏನನ್ನೂ ಧರಿಸದೆ ಇರೋ ಹಕ್ಕಿನ ಗುರುತು."

ಹೆಂಡತಿ ಬಟ್ಟೆ ಮಡಿಸುವುದನ್ನು ನಿಲ್ಲಿಸಿ ಕೇಳಿದಳು: "ಇದನ್ನ ಹಾಕ್ಕೊಳ್ಳಲೇಬೇಕಾ ಮೇಷ್ಟ್ರೇ?"

"ಛೆ ಛೆ, ನಮ್ಮಲ್ಲಿ ಕಡ್ಡಾಯ ಅನ್ನೋ ಮಾತೇ ಇಲ್ಲಮ್ಮ. ಹಾಕ್ಕೊಳ್ಳದವರನ್ನ ಸಂಘದಿಂದ ತೆಗೀತೀವಿ, ಅಷ್ಟೆ."

ಎಂದು ಮೇಷ್ಟ್ರು ಆ ಪಿನ್ನನ್ನು ಹೂಂಗುಟ್ಟಪ್ಪನ ಎಡ ಎದೆಗೆ ಚುಚ್ಚಲು ಕೈ ಚಾಚಿದರು. ಅವನು ಮಂಚದ ಆಚೆ ಬದಿಗೆ ನೆಗೆದ. "ಬೇಡ! ಇದೂ ಬೇಡ!"

ಐವರೂ ಮುಖ ಮುಖ ನೋಡಿಕೊಂಡರು. ಮೇಷ್ಟ್ರ ಕಣ್ಣು ತುಂಬಿ ಬಂತು. "ನೋಡಿದಿರಾ? ಏನನ್ನೂ ಧರಿಸದಿರೋ ಗುರುತನ್ನೂ ಧರಿಸಲ್ಲ ಅಂತಾರೆ. ಇವರು ನಮ್ಮನ್ನೂ ಮೀರಿಸಿದರು!" ಎಂದರು. ಆದರೆ ಹೊರಗೆ ಹೋಗುವಾಗ ಅವರಲ್ಲಿ ಒಬ್ಬ, "ಇವನು ಹೆಡ್ ಗುಮಾಸ್ತನ ಕಡೆಯವನಿರಬೇಕು, ನಮ್ಮನ್ನ ಪರೀಕ್ಷೆ ಮಾಡ್ತಿದ್ದಾನೆ" ಎಂದದ್ದು ಕಿಟಕಿಯಿಂದ ಕೇಳಿಸಿತು.

ಮಂಗಳವಾರ ಅಕ್ಕ ಮತ್ತೆ ಸಿಕ್ಕಳು. ಅವಳ ಕಿವಿಗೂ ಎಲ್ಲ ಬಿದ್ದಿತ್ತು.

"ಸಾರ್, ನಿಮ್ಮ ಮೇಲೆ ಸಾಹೇಬರಿಗೆ ಸಿಟ್ಟಂತೆ. ಅವರಿಗೆ ಸಿಟ್ಟು ಬಂದರೆ ನನ್ನ ಮಾತು ಹೇಗೆ ಹೇಳ್ತೀರಿ? ಅದೊಂದು ಪಟ್ಟಿ ಹಾಕ್ಕೊಂಡುಬಿಡಿ ಸಾರ್. ಶನಿವಾರ ಕಳೀಲಿ."

"ಅಕ್ಕ, ಸತ್ತದ್ದು ನಿನ್ನ ಗಂಡ. ನೀನೇ ಹೀಗಂದರೆ ಹೇಗೆ? ನಾನು ಅವನ ನೆನಪಿನ ಗೌರವಕ್ಕೆ ಹೋರಾಡ್ತಿದ್ದೀನಿ."

"ಅವರ ಗೌರವ ಅವರು ನೋಡ್ಕೋತಾರೆ ಸಾರ್. ನೀವು ರೂಮು ನೋಡಿ."

"ಈಗ ನನ್ನ ಮಾತಿಗೆ ಒಂದು ತೂಕ ಬಂದಿದೆ, ಗೊತ್ತಾ? ಮೊದಲಿನ ಹಾಗಲ್ಲ. ಶನಿವಾರ ನೋಡ್ತಿರು" ಎಂದು ಹೂಂಗುಟ್ಟಪ್ಪ ಎದೆ ಸೆಟೆಸಲು ಹೋಗಿ, ಅಮ್ಮಾ ಎಂದು ಮತ್ತೆ ಬಾಗಿದ.

ಆದರೂ ಅವಳ ಮಾತು ಮನಸ್ಸಿಗೆ ನಾಟಿತ್ತು ಎಂದುಕೊಳ್ಳೋಣ. ಬುಧವಾರ ಅವನು ಒಂದು ಉಪಾಯ ಮಾಡಿದ. ಪಟ್ಟಿಯನ್ನು ಬಲ ಎದೆಗೆ ಚುಚ್ಚಿಕೊಂಡು ಬಂದ. ಪಟ್ಟಿಯೂ ಆಯಿತು, ಕುರುವಿಗೂ ಕ್ಷೇಮ. ಇದಕ್ಕಿಂತ ಬುದ್ಧಿವಂತಿಕೆ ಇನ್ನೇನು ಬೇಕು? ಹೆಡ್ ಗುಮಾಸ್ತರು ಅದನ್ನು ನೋಡಿ ಗೋಡೆ ಹಿಡಿದುಕೊಂಡರು. ಮೊದಲ ಬಾರಿಗೆ ನೆನಪಿನ ವಾರದಲ್ಲಿ ಅವರ ದನಿ ಏರಿತು.

"ಬಲಗಡೆ! ಹೃದಯ ಯಾವ ಕಡೆ ಇದೆ ಅಂತ ಗೊತ್ತಿಲ್ವೇನ್ರೀ ನಿಮಗೆ? ಹಾಕ್ಕೊಳ್ಳದೆ ಇದ್ದದ್ದು ಅವಿಧೇಯತೆ, ಹೋಗಲಿ. ಇದು ಅಣಕ! ಸತ್ತವರನ್ನ ಅಣಕಿಸೋದು!"

"ಹಾಗಲ್ಲ ಸಾರ್…"

"ಹೇಗೆ ಮತ್ತೆ? ಹೇಳಿ! ಎಡಗಡೆ ಏನಾಗಿದೆ ನಿಮಗೆ?"

ಕಚೇರಿಯೆಲ್ಲ ಸುತ್ತ ನಿಂತಿತ್ತು. ಟೈಪಿಸ್ಟು ಹುಡುಗಿಯರು ಕುರ್ಚಿಯ ಮೇಲೆ ಹತ್ತಿ ನೋಡುತ್ತಿದ್ದರು. ಅಬ್ಬಾ ಎಂದಿದ್ದವಳು ಇನ್ನೊಂದು ಹೊಸ ಮಾತಿಗಾಗಿ ಬಾಯಿ ತೆರೆದುಕೊಂಡೇ ಕಾಯುತ್ತಿದ್ದಳು. ಅವಳ ಮುಖ ನೋಡಿ ನಿಜ ಹೇಳುವ ಧೈರ್ಯ ಅವನಿಗೆ ಬರಲಿಲ್ಲ.

"ಎಡಗಡೆ… ಭಾರ ಜಾಸ್ತಿ ಇದೆ ಸಾರ್" ಎಂದ.

ಮುಗಿಯಿತು. ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಧಿಕ್ಕಾರ ಎಂದರು. ಗುರುವಾರ ಬಲಗಡೆ ಪಟ್ಟಿಯವರು ಎಂದು ಆರು ಜನರ ಒಂದು ಹೊಸ ಗುಂಪೇ ಎದ್ದಿತು. ಮೇಷ್ಟ್ರ ಸಂಘ ಅದನ್ನು ಖಂಡಿಸಿತು. ಅಷ್ಟೂ ದಿನ ಒಂದು ದೂರಿನ ಅರ್ಜಿಯೂ ಮುಂದಕ್ಕೆ ಹೋಗಲಿಲ್ಲ. ಎರಡು ಬೀದಿಗಳಲ್ಲಿ ನೀರು ನಿಂತಿತು. ಕೊಡ ಹಿಡಿದು ಬಂದ ಹೆಂಗಸರನ್ನು ಬಾಗಿಲಲ್ಲೇ ತಡೆದು, "ಮೊದಲು ಹೇಳಿ, ನೀವು ಯಾವ ಕಡೆ?" ಎಂದು ಕೇಳಿದರು. "ನಾವು ನಲ್ಲಿ ಕಡೆ" ಎಂದು ಅವರು ಬೈದುಕೊಂಡು ಹೋದರು.

ಶನಿವಾರ ಬಂತು. ದೊಡ್ಡ ಸಾಹೇಬರ ಕೋಣೆಯಲ್ಲಿ ಉದ್ದದ ಮೇಜಿನ ಸುತ್ತ ಸಮಿತಿ ಕೂತಿತು. ಅಕ್ಕ ಹೊರಗಿನ ಓಣಿಯಲ್ಲಿ ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದಳು. ದೊಡ್ಡ ಸಾಹೇಬರು ತುಂಬ ಮೃದು ಮನಸ್ಸಿನವರು. ಅಳುವುದರಲ್ಲಿ ಅವರದು ಪಳಗಿದ ಕೈ. ನೆನಪಿನ ವಾರದ ಸಭೆಗೆ ಬರುವಾಗ ಇಸ್ತ್ರಿ ಮಾಡಿದ ಎರಡು ಕರವಸ್ತ್ರ ತರುತ್ತಿದ್ದರು, ಒಂದು ಕಣ್ಣಿಗೆ, ಇನ್ನೊಂದು ಯಾರಾದರೂ ಫೋಟೋ ತೆಗೆಯುವವರು ಬಂದರೆ.

ಹೂಂಗುಟ್ಟಪ್ಪ ಈ ಸಲ ನಿಜಕ್ಕೂ ಸಿದ್ಧನಾಗಿ ಬಂದಿದ್ದ. ಬೆಳಿಗ್ಗೆ ಹೆಂಡತಿ ಅವನನ್ನು ಬಾಗಿಲಲ್ಲಿ ನಿಲ್ಲಿಸಿ, "ರೀ, ಆಯಮ್ಮನ ರೂಮಿನ ವಿಷಯ ಮೊದಲು ಹೇಳಿ, ನಿಮ್ಮ ಎದೆ ವಿಷಯ ಆಮೇಲೆ" ಎಂದು ಎರಡು ಸಲ ಬಾಯಿಪಾಠ ಮಾಡಿಸಿ ಕಳಿಸಿದ್ದಳು. ಸಭೆ ಶುರುವಾಗುತ್ತಿದ್ದಂತೆ ಅವನು ಎದ್ದು ನಿಂತ.

"ಸಾರ್, ಪಂಪ್‌ಹೌಸಿನ ಅಕ್ಕನ ರೂಮಿನ ಬಗ್ಗೆ ಒಂದು ಮಾತು…"

"ಅದು ಮೂರನೇ ವಿಷಯ," ಎಂದರು ಹೆಡ್ ಗುಮಾಸ್ತರು. "ಮೊದಲನೇ ವಿಷಯ ನೀವು."

ಓಣಿಯಲ್ಲಿ ಪೊರಕೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಮೊದಲನೇ ವಿಷಯ ಒಂದೂವರೆ ಗಂಟೆ ನಡೆಯಿತು. ಎದೆಯ ಎಡಬಲಗಳ ಬಗ್ಗೆ, ಒಳಹೊರಗುಗಳ ಬಗ್ಗೆ ಎಲ್ಲರೂ ಮಾತಾಡಿದರು. ಹೂಂಗುಟ್ಟಪ್ಪ ನಾಲ್ಕು ಸಲ ಬಾಯಿ ತೆರೆದ. "ಸಾರ್, ಆ ರೂಮು…" ಅನ್ನುವಷ್ಟರಲ್ಲಿ ಯಾರಾದರೊಬ್ಬರು, "ಕೇಳಿಸ್ಕೊಳ್ರೀ ಸ್ವಲ್ಪ!" ಎಂದು ಕೂರಿಸುತ್ತಿದ್ದರು. ಕೊನೆಗೆ ದೊಡ್ಡ ಸಾಹೇಬರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಮೇಜನ್ನು ಸುತ್ತಿ ಬಂದು ಅವನ ಎದುರು ನಿಂತರು.

"ತಮ್ಮಾ," ಎಂದರು. ದನಿ ಆಗಲೇ ಒದ್ದೆಯಾಗಿತ್ತು. "ನಿನಗೆ ಶಿಕ್ಷೆ ಕೊಡು ಅಂತಾರೆ ಇವರು. ನಾನು ಕೊಡಲ್ಲ. ಪ್ರೀತಿ ಕೊಡ್ತೀನಿ. ನನ್ನ ಎದೆ ಮೇಲಿನ ಪಟ್ಟಿಯನ್ನೇ ತೆಗೆದು ನಿನ್ನ ಎದೆಗೆ ಹಾಕ್ತೀನಿ."

"ಸಾರ್, ಬೇಡ ಸಾರ್, ಅಲ್ಲಿ ನಿಜವಾಗಿ ಒಂದು ಕು…"

ಮಾತು ಮುಗಿಯಲಿಲ್ಲ. ಸಾಹೇಬರು ಚಿನ್ನದ ಅಂಚಿನ ಪಟ್ಟಿಯನ್ನು ಅವನ ಎಡ ಎದೆಗಿಟ್ಟು, ದೊಡ್ಡ ಹೆಬ್ಬೆರಳಿನಿಂದ ಒತ್ತಿ, ಪಿನ್ನು ಚುಚ್ಚಿ, ಅಷ್ಟು ಸಾಲದೆಂದು ಅವನನ್ನು ಬಿಗಿಯಾಗಿ ತಬ್ಬಿಕೊಂಡೂಬಿಟ್ಟರು.

ಹೂಂಗುಟ್ಟಪ್ಪ ಕಿರುಚಿದ ಕಿರುಚು ಪಂಪ್‌ಹೌಸಿನವರೆಗೂ ಹೋಯಿತು. ಕಣ್ಣಿಂದ ನೀರು ದಳದಳ ಇಳಿಯಿತು. ಸಾಹೇಬರ ಕೋಟು ಹಿಡಿದುಕೊಂಡು "ಅಯ್ಯಯ್ಯೋ, ಅಪ್ಪಾ, ಅಮ್ಮಾ" ಎಂದು ಮಗುವಿನ ಹಾಗೆ ಅತ್ತ. ಸಮಿತಿ ದಂಗಾಯಿತು. ಇಷ್ಟು ವರ್ಷದಲ್ಲಿ ಸತ್ತ ಆ ಏಳು ಜನರಿಗಾಗಿ ಆ ಕೋಣೆಯಲ್ಲಿ ಯಾರೂ ಹಾಗೆ ಅತ್ತಿರಲಿಲ್ಲ. ಸಾಹೇಬರು ಎರಡೂ ಕರವಸ್ತ್ರಗಳನ್ನು ಒಟ್ಟಿಗೇ ತೆಗೆದರು. ಕ್ಯಾಷಿಯರ್ ಬಿಕ್ಕಿದ. ಹೆಡ್ ಗುಮಾಸ್ತರು ಗದ್ಗದ ಕಂಠದಿಂದ, "ಪಶ್ಚಾತ್ತಾಪ ಅಂದರೆ ಇದು. ಬರ್ಕೊಳ್ಳಿ, ಬರ್ಕೊಳ್ಳಿ" ಎಂದು ತಮಗೆ ತಾವೇ ಹೇಳಿಕೊಂಡು ಬರೆದುಕೊಂಡರು.

ಕುರು ಒಡೆದಿತ್ತು. ಕುರು ಒಡೆದವರಿಗೆ ಮಾತ್ರ ಆ ಸುಖ ಗೊತ್ತು. ಆರು ದಿನದ ಉರಿ, ಸೆಳೆತ, ಬಿಗಿತ ಎಲ್ಲ ಒಂದೇ ಏಟಿಗೆ ಇಳಿದು, ಹೂಂಗುಟ್ಟಪ್ಪನ ಮೈಯೆಲ್ಲ ಹಗುರಾಗಿ, ಮುಖದ ಮೇಲೆ ಒಂದು ನಗು ಮೂಡಿತು. ಅದನ್ನೂ ಸಮಿತಿ ತಪ್ಪಾಗಿ ತಿಳಿದುಕೊಂಡಿತು. "ಹೇಗೆ ಬೆಳಗ್ತಿದೆ ನೋಡಿ ಮುಖ" ಎಂದರು ಯಾರೋ. ಆ ಗಳಿಗೆಯಲ್ಲಿ ಅವನ ಪಾಲಿಗೆ ಲೋಕದಲ್ಲಿ ಎಲ್ಲವೂ ಸರಿಯಾಗಿತ್ತು, ಎಲ್ಲರೂ ಒಳ್ಳೆಯವರಾಗಿದ್ದರು, ಯಾವುದಕ್ಕೂ ಬೇಡ ಎನ್ನುವ ಕಾರಣವೇ ಉಳಿದಿರಲಿಲ್ಲ.

"ನೀನು ನಮ್ಮ ಕಣ್ಣು ತೆರೆಸಿದೆ ತಮ್ಮಾ," ಎಂದರು ಸಾಹೇಬರು ಮೂಗು ಒರೆಸಿಕೊಳ್ಳುತ್ತ. "ನೆನಪಿನ ಕೊಠಡಿಯನ್ನ ಇನ್ನು ತಡ ಮಾಡೋದು ಬೇಡ, ನಾಳೆಯೇ ತೆರೆಯೋಣ. ಆ ಪಂಪ್‌ಹೌಸಿನ ರೂಮು ಖಾಲಿ ಮಾಡಿಸಿ. ಗೋಡೆ ಮೇಲೆ ನಿನ್ನ ಮಾತನ್ನೇ ಬರೆಸ್ತೀನಿ. ಏನಂತೀಯ? ನಿನ್ನ ಒಪ್ಪಿಗೆ ಇದ್ದರೆ ಮಾತ್ರ."

"ಹೂಂ" ಎಂದ ಹೂಂಗುಟ್ಟಪ್ಪ. ಜೀವಮಾನದಲ್ಲೇ ಅಷ್ಟು ತುಂಬುಮನಸ್ಸಿನಿಂದ ಅವನು ಹೂಂಗುಟ್ಟಿರಲಿಲ್ಲ.

ಚಪ್ಪಾಳೆ ಮುಗಿದ ಮೇಲೆ ಓಣಿಯಲ್ಲಿ ಪೊರಕೆಯ ಸದ್ದು ಇರಲಿಲ್ಲ. ಅವನು ಹೊರಗೆ ಬಂದಾಗ ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಆಗ ಅವನಿಗೆ ತಾನು ಯಾವುದಕ್ಕೆ ಹೂಂ ಎಂದೆ ಎಂಬುದು ಹೊಳೆಯಿತು.

"ಅಕ್ಕ, ಏನಾಯ್ತು ಅಂದರೆ… ಆ ಪಿನ್ನು ಚುಚ್ಚಿದಾಗ…"

"ನಾನು ಬಾಗಿಲ ಹೊರಗೇ ಇದ್ದೆ ಸಾರ್. ಎಲ್ಲ ಕೇಳಿಸ್ತು" ಎಂದು ಅವಳು ಪೊರಕೆ ಎತ್ತಿಕೊಂಡು ಹೋದಳು.

ಮರುದಿನ ಪಂಪ್‌ಹೌಸಿನ ಹಿಂದೆ ಜನವೋ ಜನ. ಕೋಣೆಗೆ ರಾತ್ರೋರಾತ್ರಿ ಸುಣ್ಣ ಬಳಿದಿದ್ದರು. ಒಳಗೆ ಏಳು ಫೋಟೋ, ಎದುರು ಗೋಡೆಯ ಮೇಲೆ ದಪ್ಪ ನೀಲಿ ಅಕ್ಷರದಲ್ಲಿ, "ನೆನಪು ಎದೆಯ ಒಳಗೆ ಇರಬೇಕು, ಎದೆಯ ಮೇಲಲ್ಲ." ಆ ಬರಹ ಓದಲು ಒಳಗೆ ಹೋಗುವವರು ಎದೆಯ ಮೇಲೆ ಪಟ್ಟಿ ಹಾಕಿಕೊಂಡಿರಲೇಬೇಕೆಂದು ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿದ್ದರು. ಪಟ್ಟಿ ಇಲ್ಲದವರಿಗೆ ಪಕ್ಕದಲ್ಲೇ ಭಾವಮೈದ ಮೇಜು ಹಾಕಿಕೊಂಡು ಕೂತಿದ್ದ. ಅವನ ಕಣ್ಣಲ್ಲಿ ನಿಜವಾದ ಆನಂದಬಾಷ್ಪ ಇತ್ತು. ಮೇಷ್ಟ್ರು ಕೂಡ ಬಂದಿದ್ದರು. ಅವರ ಖಾಲಿ ಪಿನ್ನಿಗೆ ಬಾಗಿಲಲ್ಲೇ ಒಂದು ಪಟ್ಟಿ ಸಿಕ್ಕಿಸಿ ಒಳಗೆ ಬಿಟ್ಟರು. "ಪಿನ್ನು ನನ್ನದೇ" ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು.

ಹೂಂಗುಟ್ಟಪ್ಪ ಹೆಂಡತಿಯ ಜೊತೆ ಬಂದ. ಅವನ ಎದೆಯ ಮೇಲೆ ಸಾಹೇಬರ ಚಿನ್ನದ ಅಂಚಿನ ಪಟ್ಟಿ. ಮೆಟ್ಟಿಲ ಕೆಳಗೆ ಒಂದು ಕಬ್ಬಿಣದ ಟ್ರಂಕು, ಸುತ್ತಿದ ಚಾಪೆ, ಎರಡು ಪಾತ್ರೆ. ಅಕ್ಕ ಬಾಗಿಲಲ್ಲಿ ಕಾವಲುಗಾರನೊಡನೆ ವಾದ ಮಾಡುತ್ತಿದ್ದಳು.

"ನನ್ನ ಸ್ಟೋವು ಒಳಗೇ ಉಳಿದಿದೆಯಪ್ಪ. ತಗೊಂಡು ಬಂದುಬಿಡ್ತೀನಿ."

"ಪಟ್ಟಿ ಇಲ್ಲದೆ ಬಿಡಂಗಿಲ್ಲಮ್ಮ."

"ನಿನ್ನೆ ತನಕ ನಾನು ಇದರೊಳಗೇ ಮಲಗ್ತಿದ್ದೆ."

"ನಿನ್ನೆ ಬೇರೆ, ಇವತ್ತು ಬೇರೆ. ಒಳಗೆ ಸತ್ತವರಿದ್ದಾರೆ, ಸ್ವಲ್ಪ ಗೌರವ ಇರಲಿ."

ಹೂಂಗುಟ್ಟಪ್ಪನಿಗೆ ತಡೆಯಲಾಗಲಿಲ್ಲ. ಅವಸರದಿಂದ ತನ್ನ ಪಟ್ಟಿಗೆ ಕೈ ಹಾಕುತ್ತ, "ಅಕ್ಕ, ಇದನ್ನ ಹಾಕ್ಕೊಂಡು ಹೋಗಿ ಬನ್ನಿ, ನನ್ನದನ್ನೇ ಕೊಡ್ತೀನಿ" ಎಂದ.

ಅಕ್ಕ ಅವನ ಕಡೆ ತಿರುಗಿದಳು.

"ಇಟ್ಕೊಳ್ಳಿ ಸಾರ್. ಸ್ಟೋವು ಅವರಿಗೇ ಇರಲಿ. ಪುಣ್ಯವಂತರು, ಟ್ಯಾಂಕಲ್ಲಿ ಸತ್ತು ರೂಮು ಸಂಪಾದಿಸಿದರು. ಆವತ್ತು ನಾನೂ ಜೊತೆಗೆ ಇಳಿದಿದ್ದರೆ ನನಗೂ ಗೋಡೇಲಿ ಒಂದು ಮೊಳೆ ಸಿಗ್ತಿತ್ತು."

ಅವನ ಹೆಂಡತಿ ಟ್ರಂಕನ್ನು ನೋಡಿದಳು, ಗೋಡೆಯ ಬರಹವನ್ನು ನೋಡಿದಳು, ಗಂಡನನ್ನು ನೋಡಿದಳು. "ರೀ, ರೂಮಿನ ವಿಷಯ ಹೇಳಿದೆ, ಎಲ್ಲ ಸರಿಹೋಯ್ತು ಅಂದಿರಲ್ಲ ನಿನ್ನೆ?" ಎಂದಳು. ಅವಳು ಇನ್ನೇನೂ ಕೇಳದೆ ಹೋಗಿ ಅಕ್ಕನ ಚಾಪೆ ಎತ್ತಿಕೊಂಡಳು. "ಬನ್ನಿ. ನಮ್ಮ ಮನೇಲಿ ಮುಂದಿನ ಕೋಣೆ ಇದೆ. ಇವರು ಅಡಿಗೆಮನೇಲಿ ಮಲಗ್ತಾರೆ."

"ಎಷ್ಟು ದಿನ ಅಂತ ಇರಲಮ್ಮ?"

"ಮುಂದಿನ ಮೀಟಿಂಗಲ್ಲಿ ನಾನು ಖಂಡಿತ ಮಾತಾಡ್ತೀನಿ ಅಕ್ಕ" ಎಂದ ಹೂಂಗುಟ್ಟಪ್ಪ.

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮಾತು ಹಾಗಿರಲಿ ಸಾರ್," ಎಂದಳು ಅಕ್ಕ. "ಟ್ರಂಕು ಎತ್ತಿ."

ಅವನು ಟ್ರಂಕನ್ನು ಎತ್ತಿ ಎಡ ತೋಳಿನಲ್ಲಿ ಎದೆಗೆ ಅವಚಿಕೊಂಡು ಇಬ್ಬರ ಹಿಂದೆ ಹೊರಟ. ಹತ್ತು ಹೆಜ್ಜೆ ಹೋಗಿರಬೇಕು, ಹೊಸ ಕೊಠಡಿಯ ಕಿಟಕಿಯಿಂದ ಹೆಡ್ ಗುಮಾಸ್ತರು ತಲೆ ಹೊರಹಾಕಿದರು.

"ಏನ್ರೀ, ಸಾಹೇಬರ ಪಟ್ಟಿ ಕಾಣ್ತಿಲ್ಲ! ಟ್ರಂಕನ್ನ ಬಲಗಡೆಗೆ ಹಿಡ್ಕೊಳ್ಳಿ!"

ಹೆಂಗಸರು ತಿರುಗಿ ನೋಡಲಿಲ್ಲ. ಹೂಂಗುಟ್ಟಪ್ಪ ನಿಂತು, ಟ್ರಂಕನ್ನು ಬಲಗಡೆಗೆ ಬದಲಾಯಿಸಿಕೊಂಡು, ಅವರ ಹಿಂದೆ ಓಡಿದ.